ಹಣ್ಣು ಮೊದಲು ಬಂತು, ಹಕ್ಕಿ ಆಮೇಲೆ

ಛತ್ರಪತಿ ಸಂಭಾಜಿನಗರದಿಂದ ನಾಸಿಕಕ್ಕೆ ಬರುವ ಹೆದ್ದಾರಿ ವೈಜಾಪುರವನ್ನು ದಾಟಿ ಯೇವಲೆಯನ್ನು ಹಾಯುತ್ತದೆ. ವರ್ಗಾವಣೆಯ ನೌಕರಿಯಲ್ಲಿರುವ ನಾವು ಈ ದಾರಿಯಲ್ಲಿ ಸಾಮಾನು ಸಮೇತವಾಗಿಯೂ ಬರಿಗೈಯಲ್ಲಿಯೂ ಹಲವು ಬಾರಿ ಓಡಾಡಿದ್ದೇವೆ. ಯೇವಲೆಯಲ್ಲಿ ಪೈಠಣಿ ಸೀರೆಯನ್ನು ನೇಯುತ್ತಾರೆ; ಆ ಸೀರೆಗೆ ಹೆಸರು ಕೊಟ್ಟ ಪೈಠಣವು ಸಂಭಾಜಿನಗರದ ದಕ್ಷಿಣಕ್ಕಿದೆ. ನಮ್ಮ ಎರಡು ನೌಕರಿಯ ಊರುಗಳ ಸೀಮೆಯಲ್ಲಿಯೂ ಮಗ್ಗದ ಮೇಲೆ ಅದೇ ಜೋಡಿ ಹಕ್ಕಿ ಮೂಡುತ್ತದೆ. ನೇಕಾರರು ಅದನ್ನು ತೋತಾ-ಮೈನಾ ಎನ್ನುತ್ತಾರೆ. ಹಸಿರು ಮೈ, ಕೆಂಪು ಕೊಕ್ಕು, ಗೇಣುದ್ದದ ಗಾತ್ರ. ಗಿಳಿ ಎಂದರೆ ನಮ್ಮ ಕಣ್ಣಿಗೆ ಅದೇ. ನಾಸಿಕದಲ್ಲಿ ಪಕ್ಕದ ಮನೆಯ ಬಾಲ್ಕನಿಯಲ್ಲಿ ಸುಮಾರು ಎರಡು ಮೊಳ ಉದ್ದದ, ನೀಲಿ ಬೆನ್ನಿನ, ಹಳದಿ ಎದೆಯ ಮಕಾವ್ ಒಂದು 'ಮಿಠ್ಠೂ' ಎಂಬ ಹೆಸರಿಗೆ ಓಗೊಡುವುದನ್ನು ಮೊದಲ ಬಾರಿ ಕಂಡಾಗ ನಮಗೆ ನಗು ಬಂದಿತ್ತು. ಬಂದವನು ಬ್ರೆಜಿಲ್ಲಿನವನು, ಇಟ್ಟುಕೊಂಡದ್ದು ನಮ್ಮ ಹಳೆಯ ಪಂಜರದ ಹೆಸರು.

ಆ ಮನೆಯ ಯಜಮಾನರು ದ್ರಾಕ್ಷಿ ತೋಟದವರು, ವಯಸ್ಸು ಅರವತ್ತರ ಮೇಲೆ. ನಾವು ಅವರನ್ನು ಕಾಕಾ ಎನ್ನುತ್ತೇವೆ. ಅವರು ಪರದೇಶದಲ್ಲಿರುವ ಮಗಳ ಬಾಣಂತನಕ್ಕೆ ಹೆಂಡತಿಯೊಡನೆ ಹೊರಟಾಗ ಮಿಠ್ಠೂವನ್ನು ಒಂದು ತಿಂಗಳು ನಮ್ಮಲ್ಲಿ ಬಿಟ್ಟರು. ಜೊತೆಗೆ ಮರಾಠಿಯಲ್ಲಿ ಬರೆದ ಎರಡು ಪುಟಗಳ ಚೀಟಿ. ಬೆಳಿಗ್ಗೆ ಪೆಲೆಟ್ ಎಂಬ ಗುಳಿಗೆಯಾಕಾರದ ಸಿದ್ಧ ಆಹಾರ. ಮಧ್ಯಾಹ್ನ ಹೆಚ್ಚಿದ ಗಜ್ಜರಿ, ಕುಂಬಳ, ಸೊಪ್ಪು. ಸಂಜೆ ತುಸು ಹಣ್ಣು, ಎರಡು ಬಾದಾಮಿ ಅಥವಾ ಒಂದು ಅಕ್ರೋಟು. ಬೆಣ್ಣೆಹಣ್ಣು, ಚಾಕಲೇಟು, ಚಹಾ, ಕಾಫಿ, ಉಪ್ಪು ಹಾಕಿದ ತಿಂಡಿ ಸರ್ವಥಾ ಕೂಡದು. ಕೊನೆಯಲ್ಲಿ ಎರಡು ಗೆರೆ ಎಳೆದು ಬರೆದದ್ದು: ಮನೆಯಲ್ಲಿ ನಾನ್‌ಸ್ಟಿಕ್ ತವಾ ಇಡಬೇಡಿ, ಅದು ಅತಿಯಾಗಿ ಕಾದಾಗ ಏಳುವ ಹೊಗೆಯಿಂದ ಹಕ್ಕಿ ನಿಮಿಷಗಳಲ್ಲಿ ಸಾಯುತ್ತದೆ. ಹೀಗಾಗಿ ಅಟ್ಟ ಸೇರಿದ್ದ ಕಬ್ಬಿಣದ ಹಂಚು ಮತ್ತೆ ಒಲೆಯೇರಿತು.

ಈ ಚೀಟಿಯನ್ನು ಓದಿದಾಗ ನಮ್ಮ ಕಣ್ಣ ಮುಂದೆ ಬಂದದ್ದು ಇನ್ನೊಂದು ಗಿಳಿಯ ಊಟ. ಬಾಣನ ಕಾದಂಬರಿಯಲ್ಲಿ ಚಂಡಾಲ ಕನ್ಯೆ ತಂದ ವೈಶಂಪಾಯನನೆಂಬ ಗಿಳಿಯನ್ನು ಶೂದ್ರಕ ರಾಜನು ಮೊದಲು ಅಂತಃಪುರಕ್ಕೆ ಕಳುಹಿಸಿ, ಆಮೇಲೆ ಕರೆಸಿ, ಒಳಗೆ ರುಚಿಯಾದದ್ದೇನಾದರೂ ತಿಂದೆಯಾ ಎಂದು ವಿಚಾರಿಸುತ್ತಾನೆ. ನೇರಳೆಯ ರಸ, ದಾಳಿಂಬೆಯ ಬೀಜ, ನೆಲ್ಲಿ ಎಂದು ಗಿಳಿ ಎಣಿಸುತ್ತದೆ; ಅರಸಿಯರು ತಮ್ಮ ಕೈಯಾರೆ ಉಣಿಸಿದ್ದೆಲ್ಲ ಅಮೃತವೇ ಎನ್ನುತ್ತದೆ. ಏಳನೆಯ ಶತಮಾನದ ಈ ಕಥೆಯನ್ನು ಹತ್ತನೆಯ ಶತಮಾನದ ಕೊನೆಯಲ್ಲಿ ನಾಗವರ್ಮನು ಕನ್ನಡಕ್ಕೆ ತಂದ. ಗಿಳಿಯ ಬಾಯಲ್ಲಿ ಕಥೆಯನ್ನೇ ಇಟ್ಟ ಕಾವ್ಯ ನಮ್ಮ ಭಾಷೆಗೆ ಅಷ್ಟು ಬೇಗ ದಕ್ಕಿತು. ಕಾಮಸೂತ್ರವು ಅರವತ್ತುನಾಲ್ಕು ಕಲೆಗಳಲ್ಲಿ ಗಿಳಿ-ಸಾರಿಕೆಗಳಿಗೆ ಮಾತು ಕಲಿಸುವುದನ್ನೂ ಸೇರಿಸಿದೆ. ಅಮರುವಿನ ಪ್ರಸಿದ್ಧ ಶ್ಲೋಕವೊಂದರಲ್ಲಿ ರಾತ್ರಿಯ ದಾಂಪತ್ಯದ ಮಾತನ್ನು ಗಿಳಿಯು ಬೆಳಿಗ್ಗೆ ಹಿರಿಯರ ಮುಂದೆ ಒಪ್ಪಿಸತೊಡಗಿದಾಗ, ನಾಚಿದ ಸೊಸೆ ತನ್ನ ಕಿವಿಯೋಲೆಯ ಕೆಂಪನ್ನು ದಾಳಿಂಬೆಯ ಬೀಜವೆಂಬ ನೆವದಲ್ಲಿ ಅದರ ಕೊಕ್ಕಿಗೆ ಒಡ್ಡುತ್ತಾಳೆ. ಗಿಳಿಯ ಬಾಯಿ ಮುಚ್ಚಿಸಲು ದಾಳಿಂಬೆಯೇ ಬೇಕೆಂಬುದು ಅಂದಿನ ಮನೆಮನೆಯ ಅರಿವಾಗಿತ್ತು. ಪೈಠಣವನ್ನಾಳಿದ ಶಾತವಾಹನ ಹಾಲನ ಹೆಸರಿನ ಗಾಥಾಸಪ್ತಶತಿಯಲ್ಲಿಯೂ ಗಿಳಿಗಳಿವೆ. ಆದರೆ ಅಲ್ಲಿ ಅವು ಆಕಾಶದಿಂದ ಸಾಲಾಗಿ ಇಳಿಯುತ್ತವೆ, ಪಚ್ಚೆ-ಮಾಣಿಕ್ಯದ ಹಾರ ಜಾರಿಬಿದ್ದಂತೆ. ಪಂಜರದ ಗಿಳಿಗಿಂತ ಆ ಸಾಲು ನಮಗೆ ಹೆಚ್ಚು ಇಷ್ಟ. ಇರಲಿ.

ಇವುಗಳಲ್ಲಿ ಎಲ್ಲಿಯೂ ಹಸಿಮೆಣಸಿನಕಾಯಿ ಇಲ್ಲ, ಸೀಬೆಹಣ್ಣಿಲ್ಲ. ಗಿಳಿ ಎಂದೊಡನೆ ನಾವು ಚಿತ್ರಿಸಿಕೊಳ್ಳುವ ಆ ಎರಡೂ ಅಂದು ಈ ನೆಲದಲ್ಲಿರಲಿಲ್ಲ. ಅವು ಮಕಾವ್‌ನ ತವರಿನವು.

ಆ ತವರಿನಲ್ಲಿಯೂ ಗಿಳಿ ಸಾಕಣೆಗೆ ದೀರ್ಘವಾದ ಇತಿಹಾಸವಿದೆ. ನಾಗವರ್ಮನು ತನ್ನ ಕಾವ್ಯವನ್ನು ಬರೆಯುವ ಹೊತ್ತಿಗಾಗಲೇ ಇಂದಿನ ಅಮೆರಿಕದ ನ್ಯೂ ಮೆಕ್ಸಿಕೊದ ಮರುಭೂಮಿಯಲ್ಲಿ, ಚಾಕೋ ಕಣಿವೆಯ ಪ್ಯೂಬ್ಲೊ ಬೊನಿಟೊ ಎಂಬ ಮಹಾಗೃಹದಲ್ಲಿ, ಕೆಂಪು ಮಕಾವ್‌ಗಳಿದ್ದವು. ಆ ಹಕ್ಕಿಯ ಕಾಡು ಅಲ್ಲಿಂದ ಬಹುದೂರ ದಕ್ಷಿಣಕ್ಕೆ, ಮೆಕ್ಸಿಕೊದ ತೇವದ ಸೀಮೆಯಲ್ಲಿದೆ. ಕುದುರೆಯಿಲ್ಲದ, ಚಕ್ರದ ಬಂಡಿಯಿಲ್ಲದ ಆ ಕಾಲದಲ್ಲಿ ಅದನ್ನು ಹೊತ್ತು ನಡೆದೇ ತಂದಿರಬೇಕು. ಮುಂದೆ ಉತ್ತರ ಮೆಕ್ಸಿಕೊದ ಪಾಕಿಮೆ ಎಂಬ ಊರಿನಲ್ಲಿ ಮಣ್ಣಿನ ಗೂಡುಗಳನ್ನು ಕಟ್ಟಿ ಮಕಾವ್‌ಗಳನ್ನು ಸಾಕಿದರು. ನೂರಾರು ಹಕ್ಕಿಗಳ ಎಲುಬು ಅಲ್ಲಿ ಸಿಕ್ಕಿವೆ. ಆ ಎಲುಬುಗಳ ರಾಸಾಯನಿಕ ಪರೀಕ್ಷೆಯಿಂದ ಅವು ಮುಖ್ಯವಾಗಿ ಗೋವಿನಜೋಳವನ್ನು ತಿಂದು ಬದುಕಿದ್ದವೆಂದು ತಿಳಿದಿದೆ. ಕಾಡಿನ ಹಕ್ಕಿಗೆ ಸಾಕಿದವರ ಧಾನ್ಯವೇ ಊಟವಾಯಿತು. ಸಾಕುವವನು ತಾನು ಉಣ್ಣುವುದನ್ನೇ ಹಕ್ಕಿಗೂ ಹಾಕುತ್ತಾನೆ. ನಮ್ಮ ಅಜ್ಜನ ಗಿಳಿಗೆ ನೆನೆಸಿದ ಕಡಲೆಬೇಳೆ ಸಿಕ್ಕದ್ದೂ ಹೀಗೆಯೇ.

1500ರ ಏಪ್ರಿಲಿನಲ್ಲಿ ಪೋರ್ಚುಗೀಸರ ಕಬ್ರಾಲ್ ಭಾರತಕ್ಕೆ ಹೊರಟವನು ಬ್ರೆಜಿಲ್ಲಿನ ತೀರವನ್ನು ಮುಟ್ಟಿದ. ಹಡಗಿನಲ್ಲಿದ್ದ ಲಿಪಿಕಾರ ಕಮಿನ್ಯಾ ತನ್ನ ಅರಸನಿಗೆ ಬರೆದ ಪತ್ರದಲ್ಲಿ ಅಲ್ಲಿನ ದೊಡ್ಡ ಕೆಂಪು ಗಿಳಿಗಳ ಮಾತಿದೆ. ಯುರೋಪಿನಲ್ಲಿ ಕೆಲಕಾಲ ಆ ದೇಶಕ್ಕೆ ಗಿಳಿಗಳ ನಾಡು ಎಂದೇ ಹೆಸರಿತ್ತು. ಅದೇ ಪಡೆ ಆಗಸ್ಟಿನಲ್ಲಿ ನಮ್ಮ ಕಾರವಾರದ ಎದುರಿಗಿರುವ ಅಂಜದೀವ ದ್ವೀಪದಲ್ಲಿ ತಂಗಿ, ಬಳಿಕ ಕಲ್ಲಿಕೋಟೆಗೆ ಹೋಯಿತು. ಬ್ರೆಜಿಲ್ಲಿನ ಮಕಾವ್‌ಗಳನ್ನು ಕಂಡ ಕಣ್ಣುಗಳು ನಾಲ್ಕೇ ತಿಂಗಳಲ್ಲಿ ಕಾರವಾರದ ಕರಾವಳಿಯನ್ನು ಕಂಡವು. ಕನ್ನಡದ ಕರಾವಳಿಗೂ ಈ ಹಕ್ಕಿಯ ನಾಡಿಗೂ ನಂಟು ಬೆಸೆದದ್ದು ಅಂದೇ ಎನ್ನಬಹುದು.

ಮುಂದಿನ ನೂರಾರು ವರ್ಷಗಳಲ್ಲಿ ಆ ಖಂಡದಿಂದ ನಮಗೆ ಬಂದದ್ದನ್ನು ನೋಡಿ: ಮೆಣಸಿನಕಾಯಿ, ಸೀಬೆ, ಪಪ್ಪಾಯಿ, ಅನಾನಸು, ಗೋಡಂಬಿ, ಶೇಂಗಾ, ಗೋವಿನಜೋಳ, ಸೂರ್ಯಕಾಂತಿ. ಉತ್ತರ ಕರ್ನಾಟಕದವರು ಸೀಬೆಯನ್ನು ಪೇರಲ ಎನ್ನುತ್ತೇವೆ, ಮರಾಠಿಯಲ್ಲಿ ಅದು ಪೇರು. ಎರಡರ ಹಿಂದೆಯೂ ಪೋರ್ಚುಗೀಸರ 'ಪೆರ' ಇದೆಯೆನ್ನುತ್ತಾರೆ. ಮೆಣಸಿನಕಾಯಿಯ ಖಾರ ಹಕ್ಕಿಗಳಿಗೆ ಹತ್ತುವುದಿಲ್ಲ. ಸಸ್ತನಿಗಳ ನರ ಅದನ್ನು ಉರಿಯೆಂದು ಗ್ರಹಿಸುತ್ತದೆ, ಹಕ್ಕಿಯ ನರ ಗ್ರಹಿಸುವುದಿಲ್ಲ. ತನ್ನ ಬೀಜವನ್ನು ಅಗಿದು ಹಾಳುಮಾಡದೆ ದೂರಕ್ಕೆ ಒಯ್ಯುವವರಿಗಾಗಿ ಗಿಡವು ಹಣ್ಣನ್ನು ಕಾದಿರಿಸಿದಂತಿದೆ. ನಮ್ಮ ಹಸಿರು ಗಿಳಿಗಳು ಈ ಪರದೇಶದ ಊಟವನ್ನು ಎಷ್ಟು ಬೇಗ ತಮ್ಮದಾಗಿಸಿಕೊಂಡವೆಂದರೆ ಅದಿಲ್ಲದ ಗಿಳಿಯನ್ನು ನಮ್ಮ ಮಕ್ಕಳ ಪುಸ್ತಕಗಳು ಬರೆಯಲಾರವು. ಹಕ್ಕಿಗಳೂ ಬರುತ್ತಿದ್ದವು. 1612ರಲ್ಲಿ ಮುಕರ್ರಬ್ ಖಾನನು ಗೋವೆಯಿಂದ ತಂದ ಟರ್ಕಿ ಕೋಳಿಯನ್ನು ಜಹಾಂಗೀರ್ ಬೆರಗಿನಿಂದ ವರ್ಣಿಸಿದ್ದಾನೆ, ಮನ್ಸೂರನು ಅದರ ಚಿತ್ರ ಬರೆದಿದ್ದಾನೆ. ಆದರೆ ಮಕಾವ್ ನಮ್ಮ ಮಧ್ಯಮ ವರ್ಗದ ಬಾಲ್ಕನಿಗೆ ಬರಲು ನಾಲ್ಕು ಶತಮಾನ ಬೇಕಾಯಿತು. ಅದರ ಊಟ ಮುಂಚೆಯೇ ಬಂದು ಕಾಯುತ್ತಿತ್ತು.

ಅದು ಬಂದ ಬಗೆಯಲ್ಲಿ ನಮ್ಮ ಕಾನೂನಿನ ಕೈಯೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ, ಅದರ ಹಿಂದೆಯೇ 1990-91ರ ನಿಷೇಧ: ನಾಡಿನ ಕಾಡುಹಕ್ಕಿಗಳನ್ನು ಹಿಡಿಯುವುದು, ಮಾರುವುದು ಅಪರಾಧವಾಯಿತು. ಸಂತೆಯ ಬಿದಿರಿನ ಪಂಜರಗಳು ಮರೆಗೆ ಸರಿದವು, ಕದ್ದು ಮಾರುವುದು ನಿಲ್ಲಲಿಲ್ಲವಾದರೂ. ನಮ್ಮ ಅಜ್ಜನ ಮನೆಯಲ್ಲಿ, ಧಾರವಾಡದ ಕಡೆಯ ಹಳ್ಳಿಯಲ್ಲಿ, ಹನ್ನೊಂದು ವರ್ಷದ ಗಿಳಿಯೊಂದಿತ್ತು. ಇಡುವುದು ತಪ್ಪೆಂದು ಶಾಲೆಯ ಮೇಷ್ಟ್ರು ಹೇಳಿದ ಮೇಲೆ ಅಜ್ಜ ಪಂಜರದ ಬಾಗಿಲು ತೆರೆದರು. ಹಕ್ಕಿ ಹೊರಗೆ ಬಂದು ಪಂಜರದ ನೆತ್ತಿಯ ಮೇಲೆ ಕುಳಿತಿತು. ಮೂರು ದಿನ ಅಲ್ಲಿಯೇ ಇದ್ದು ಕಡಲೆಬೇಳೆ ತಿಂದಿತು. ನಾಲ್ಕನೆಯ ಬೆಳಿಗ್ಗೆ ಬಾವಿಕಟ್ಟೆಯ ಬಳಿ ಬೆಕ್ಕು ಉಳಿಸಿದ ಹಸಿರು ಗರಿಗಳಿದ್ದವು. ರೆಕ್ಕೆಯ ಬಲವೂ, ಮೇವು ಹುಡುಕುವ ಬುದ್ಧಿಯೂ ಇಲ್ಲದ ಹಕ್ಕಿಗೆ ಬಾಗಿಲು ತೆರೆದದ್ದೇ ಮರಣದಂಡನೆಯಾಯಿತು. ಪಂಜರ ಬಹುಕಾಲ ಹಿತ್ತಿಲಲ್ಲಿ ತೂಗುತ್ತಿತ್ತು. ಅಜ್ಜ ಅದನ್ನು ಯಾರಿಗೂ ಕೊಡಲೊಲ್ಲರು.

ಕಾಯಿದೆಯು ರಕ್ಷಿಸಿದ್ದು ನಮ್ಮ ಹಕ್ಕಿಗಳನ್ನು. ಪರದೇಶದವು ಅದರ ಪಟ್ಟಿಯಲ್ಲಿ ಇರಲಿಲ್ಲ. ಗಿಳಿ ಬೇಕೆನ್ನುವ ಮನಸ್ಸು ಕಾನೂನಿನಿಂದ ಅಳಿಯುವಂಥದ್ದಲ್ಲ. ಹಸಿರು ಗಿಳಿ ಹೋದ ಜಾಗಕ್ಕೆ ಹಣವಿದ್ದವರು ನೀಲಿಯನ್ನೂ ಕೆಂಪನ್ನೂ ತಂದರು. ಮೈಸೂರಿನ ಅವಧೂತ ದತ್ತಪೀಠದ ಶುಕವನ 2017ರಲ್ಲಿ ಒಂದೇ ಪಕ್ಷಿಧಾಮದಲ್ಲಿ 468 ಜಾತಿಗಳಿಗಾಗಿ ಗಿನ್ನೆಸ್ ದಾಖಲೆ ಪಡೆಯಿತು. 2022ರ ಜುಲೈಯಲ್ಲಿ ತುಮಕೂರಿನ ಕುಟುಂಬವೊಂದು ಹಾರಿಹೋದ ಆಫ್ರಿಕದ ಬೂದುಗಿಳಿಗಾಗಿ ಐವತ್ತು ಸಾವಿರ ರೂಪಾಯಿಯ ಬಹುಮಾನ ಸಾರಿ ಊರೆಲ್ಲ ಭಿತ್ತಿಪತ್ರ ಹಚ್ಚಿದ ಸುದ್ದಿಯನ್ನು ನಾವು ಇಲ್ಲಿ ಮರಾಠಿ ಪತ್ರಿಕೆಯಲ್ಲಿ ಓದಿದೆವು. ನಕ್ಕವರಿದ್ದರು. ನಮಗೆ ಬಾವಿಕಟ್ಟೆ ನೆನಪಾಯಿತು.

ಸರ್ಕಾರ ಎಚ್ಚೆತ್ತದ್ದು ತಡವಾಗಿ. 2020ರ ಜೂನಿನಲ್ಲಿ ಇಂಥ ಪ್ರಾಣಿಪಕ್ಷಿಗಳನ್ನು ಸ್ವಇಚ್ಛೆಯಿಂದ ಘೋಷಿಸಿಕೊಳ್ಳಲು ಅವಕಾಶ ಕೊಟ್ಟಿತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು ಸೈಟಿಸ್ ಒಪ್ಪಂದದ ಪಟ್ಟಿಯ ಜೀವಿಗಳನ್ನು ಕಾಯಿದೆಯೊಳಕ್ಕೆ ತಂದಿತು. ಭಾರತ ಆ ಒಪ್ಪಂದವನ್ನು ಸೇರಿದ್ದು 1976ರಲ್ಲಿ. 2024ರ ಫೆಬ್ರವರಿಯ ನಿಯಮಗಳ ಪ್ರಕಾರ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಆಗಬೇಕು. ಹುಟ್ಟು, ಸಾವು, ಕೈಬದಲು ಎಲ್ಲವನ್ನೂ ತಿಳಿಸಬೇಕು. ಕಾಕಾ ಮಿಠ್ಠೂವಿನ ಅರ್ಜಿ ತುಂಬಿದಾಗ ಇಂಗ್ಲಿಷಿನ ನೆರವಿಗೆ ನಮ್ಮನ್ನು ಕರೆದಿದ್ದರು. ಕಚೇರಿಯ ನಮೂನೆಗಳಲ್ಲಿ ಕೂದಲು ನರೆಸಿಕೊಂಡ ನಾವು ಹಕ್ಕಿಗಾಗಿ ನಮೂನೆ ತುಂಬಿದ್ದು ಅದೇ ಮೊದಲು.

ಮತ್ತೆ ಆ ಒಂದು ತಿಂಗಳಿಗೆ ಬರುತ್ತೇವೆ. ಯಜಮಾನರು ಹೋದ ಮೇಲೆ ಮಿಠ್ಠೂ ಎರಡು ದಿನ ಪೆಲೆಟ್ಟನ್ನು ಮುಟ್ಟಲಿಲ್ಲ, ತರಕಾರಿಯನ್ನು ಎತ್ತಿ ಎಸೆದ. ಕನಿಕರದಿಂದ ನಾವು ಬಟ್ಟಲಿಗೆ ಸೂರ್ಯಕಾಂತಿ ಬೀಜವನ್ನೂ ಶೇಂಗಾವನ್ನೂ ತುಂಬಿದೆವು. ಆಮೇಲೆ ಬೇರೇನೂ ಬೇಡವಾಯಿತು. ಬರೀ ಬೀಜದಲ್ಲಿ ಕೊಬ್ಬು ಹೆಚ್ಚು. ಸುಣ್ಣದಂಶವೂ ಎ ಜೀವಸತ್ವವೂ ಕಡಿಮೆ. ಪಂಜರದ ಗಿಳಿಗಳ ಯಕೃತ್ತು ಕೆಡುವುದು ಇದರಿಂದಲೇ ಎಂದು ಚೀಟಿಯ ಎರಡನೆಯ ಪುಟದಲ್ಲಿತ್ತು, ನಾವು ಅದನ್ನು ಗಮನಿಸಿರಲಿಲ್ಲ. ಫೋನಿನಲ್ಲಿ ಒಪ್ಪಿಕೊಂಡಾಗ ಕಾಕಾ, "ಅವನು ಕೂಸಿನ ಹಾಗೆ, ಸಾಹೇಬ್. ಪೇಢೆ ಕೊಟ್ಟರೆ ಭಾಕ್ರಿ ಬಿಡುತ್ತಾನೆ" ಎಂದರು. ದಿನಕ್ಕಿಷ್ಟೆಂದು ಬೀಜವನ್ನು ಇಳಿಸಿ ಹಳಿಗೆ ತರಲು ಹತ್ತು ದಿನ ಹಿಡಿಯಿತು. ಅಷ್ಟರಲ್ಲಿ ಅವನು ಎದೆಯ ಕೆಲವು ಹಳದಿ ಗರಿಗಳನ್ನು ತಾನೇ ಕಿತ್ತುಕೊಂಡಿದ್ದ. ಅದು ಊಟದ ಕೊರತೆಯಿಂದಲ್ಲ, ಒಂಟಿತನದಿಂದ. ಕಾಡಿನಲ್ಲಿ ಅವನ ಬಳಗ ಜೋಡಿ ಜೋಡಿಯಾಗಿ ಹಾರುತ್ತದೆ. ಪೆರುವಿನ ತಂಬೊಪಾಟಾ ನದಿಯ ದಂಡೆಯಲ್ಲಿ ನೂರಾರು ಸೇರಿ ಕೆಂಪು ಮಣ್ಣು ತಿನ್ನುತ್ತವೆ, ಆ ಕಾಡಿನ ಊಟದಲ್ಲಿ ಸಿಗದ ಸೋಡಿಯಂಗಾಗಿ. ಬಾಲ್ಕನಿಯಲ್ಲಿ ಆ ಬಳಗದ ಜಾಗವನ್ನು ಮನುಷ್ಯರು ತುಂಬಬೇಕು. ಅದು ಬಟ್ಟಲು ತುಂಬಿದಷ್ಟು ಸುಲಭವಲ್ಲ. ಕಚೇರಿಯಿಂದ ಬಂದು ಅವನ ಮುಂದೆ ಕುಳಿತು ನಾವು ಪತ್ರಿಕೆಯನ್ನು ಗಟ್ಟಿಯಾಗಿ ಓದತೊಡಗಿದೆವು. ಬೇವಿನ ಕೊಂಬೆ ಕೊಟ್ಟರೆ ಒಂದು ಗಂಟೆಯಲ್ಲಿ ಸಿಬಿರು ಮಾಡುತ್ತಿದ್ದ.

ಕಾಕಾ ಹಿಂತಿರುಗಿದ ವಾರದಲ್ಲಿ ಚಹಾಕ್ಕೆ ಕರೆದು ಒಂದು ಮಾತು ಕೇಳಿದರು. ಮಿಠ್ಠೂವಿಗೆ ಒಂಬತ್ತು ವರ್ಷ. ಚೆನ್ನಾಗಿ ನೋಡಿಕೊಂಡರೆ ಐವತ್ತು ದಾಟಿ ಬದುಕುವ ಹಕ್ಕಿ. ಮಗಳು ಇಲ್ಲಿಗೆ ಮರಳುವುದಿಲ್ಲ. "ನನ್ನ ನಂತರ ನಿಮ್ಮಲ್ಲಿ ಇರಬಹುದೇ?" ನಾವು ಲೆಕ್ಕ ಹಾಕಿದೆವು: ನಮ್ಮ ನಿವೃತ್ತಿಗೆ ಇನ್ನೂ ಹದಿನೈದು ವರ್ಷಕ್ಕಿಂತ ಹೆಚ್ಚು, ಅಷ್ಟರಲ್ಲಿ ಇನ್ನೆಷ್ಟು ಊರು, ಎಂಥ ಕ್ವಾರ್ಟರ್ಸು. ಆಮೇಲೂ ಅವನು ನಮಗಿಂತ ಮುಂದೆ ಬಾಳುವವನು. ಆಗಲಿ ಎನ್ನಲಿಲ್ಲ, ಆಗದು ಎನ್ನುವುದಕ್ಕೂ ನಾಲಿಗೆ ಏಳಲಿಲ್ಲ. ಒಳಗಿನಿಂದ ಕಾಕೂ ಸಟಾಣೆಯ ದಾಳಿಂಬೆಯನ್ನು ಬಿಡಿಸಿ ತಟ್ಟೆಯಲ್ಲಿ ತಂದಿಟ್ಟರು. ಮಿಠ್ಠೂ ತನ್ನ ಕೋಲಿನಿಂದಿಳಿದು, ನೆಲದ ಮೇಲೆ ವಾಲುತ್ತಾ ನಡೆದುಬಂದು, ಕಾಕಾ ಅವರ ಕೈಯನ್ನು ದಾಟಿ, ನಮ್ಮ ಅಂಗೈಯಿಂದ ಒಂದೊಂದೇ ಬೀಜವನ್ನು ಎತ್ತಿಕೊಂಡ. ಮುಂದಿನ ವರ್ಗಾವಣೆಯ ಆದೇಶ ಏಪ್ರಿಲಿನಲ್ಲಿ ಬರುತ್ತದೆ. ಕಾಕಾ ಮತ್ತೆ ಕೇಳಿಲ್ಲ.