ವಸ್ತುವಿನ ಗಡಿ: ಸಿಸ್ಟಂ/38 ಮತ್ತು ಐಒಕಿಟ್

ಆಪರೇಟಿಂಗ್ ಸಿಸ್ಟಂ ಒಂದು ಆಬ್ಜೆಕ್ಟ್ ಓರಿಯೆಂಟೆಡ್ ಹೌದೋ ಅಲ್ಲವೋ ಎಂದು ತೀರ್ಮಾನಿಸಲು ಅದನ್ನು ಬರೆದ ಭಾಷೆಯನ್ನು ನೋಡುವುದು ರೂಢಿ. ಈ ಅಳತೆಗೋಲು ನೆಚ್ಚುವಂಥದ್ದಲ್ಲ. ವಿಂಡೋಸ್ ಎನ್‌ಟಿಯ ಕರ್ನಲ್ ಬಹುಪಾಲು ಸಿ ಭಾಷೆಯದು. ಆದರೂ ಅದರ ಪ್ರೊಸೆಸ್, ಫೈಲ್, ಇವೆಂಟ್ ಎಲ್ಲವೂ ಒಂದೇ ಆಬ್ಜೆಕ್ಟ್ ಮ್ಯಾನೇಜರ್‌ನ ಹಿಡಿತದಲ್ಲಿವೆ. ವಸ್ತುವಿನ, ಅಂದರೆ ಆಬ್ಜೆಕ್ಟ್‌ನ, ಗಡಿಯನ್ನು ಕಾಯುವವರು ಯಾರು ಎಂದು ಕೇಳುವುದೇ ಮೇಲು.

ಐಬಿಎಂ 1978ರಲ್ಲಿ ಪ್ರಕಟಿಸಿದ ಸಿಸ್ಟಂ/38ರಲ್ಲಿ ಆ ಕಾವಲನ್ನು ಯಂತ್ರವೇ ವಹಿಸಿಕೊಂಡಿತ್ತು. ಪ್ರೋಗ್ರಾಂ, ಫೈಲ್, ಲೈಬ್ರರಿ, ಬಳಕೆದಾರರ ಪ್ರೊಫೈಲ್ ಎಲ್ಲಕ್ಕೂ ಒಂದೊಂದು ಬಗೆ. ಆ ಬಗೆಗೆ ಒಪ್ಪುವ ಕ್ರಿಯೆಗಳಿಗೆ ಮಾತ್ರ ಅವಕಾಶ. ಫೈಲಿನೊಳಗಿನ ದತ್ತಾಂಶವನ್ನು ಪ್ರೋಗ್ರಾಂ ಎಂದು ಓಡಿಸಲು ಬರುವುದಿಲ್ಲ. ಡಿಸ್ಕ್ ಮತ್ತು ಮೆಮೊರಿ ಎರಡೂ ಸೇರಿ 48 ಬಿಟ್‌ಗಳ ಒಂದೇ ವಿಳಾಸಾವಕಾಶ. ವಸ್ತುವನ್ನು ತಲುಪಲು 16 ಬೈಟ್‌ಗಳ ಪಾಯಿಂಟರ್ ಬೇಕು. ಅದರ ಬೆನ್ನಿಗೆ ಪ್ರೋಗ್ರಾಂನ ಕಣ್ಣಿಗೆ ಬೀಳದ ಗುರುತಿನ ಬಿಟ್‌ಗಳಿವೆ. ಸಾಮಾನ್ಯ ಆದೇಶವೊಂದು ಆ ಬೈಟ್‌ಗಳನ್ನು ತಿದ್ದಿದರೆ ಗುರುತು ಅಳಿಸಿಹೋಗುತ್ತದೆ, ಪಾಯಿಂಟರ್ ಬರಿಯ ಅಂಕಿಯಾಗಿ ಉಳಿಯುತ್ತದೆ.

ಇದರ ಫಲ ಕಂಡದ್ದು 1995ರಲ್ಲಿ. ಸಿಸ್ಟಂ/38ರ ಉತ್ತರಾಧಿಕಾರಿಯಾಗಿ 1988ರಲ್ಲಿ ಬಂದಿದ್ದ ಎಎಸ್/400 ಆಗ 64 ಬಿಟ್‌ಗಳ ಪವರ್‌ಪಿಸಿಗೆ ಬದಲಾಯಿತು. ಯಾವ ಪ್ರೊಸೆಸರ್‌ಗೂ ಕಟ್ಟುಬೀಳದ ನಮೂನೆಯೊಂದನ್ನು ಪ್ರೋಗ್ರಾಂಗಳು ತಮ್ಮೊಳಗೇ ಹೊತ್ತಿದ್ದವು. ವ್ಯವಸ್ಥೆ ಅದರಿಂದಲೇ ಹೊಸ ಯಂತ್ರಕ್ಕೆ ಅನುವಾದಿಸಿಕೊಂಡಿತು. ಡಿಸ್ಕ್‌ನಲ್ಲಿ ಜಾಗ ಉಳಿಸಲೆಂದು ಆ ನಮೂನೆಯನ್ನು ಕಿತ್ತುಹಾಕಿದ್ದವರು ಮಾತ್ರ ಮೂಲ ಕೋಡ್‌ಗಾಗಿ ಹಳೆಯ ಟೇಪುಗಳನ್ನು ತಡಕಾಡಬೇಕಾಯಿತು. ಒಳಪದರವನ್ನು ಸಿ++ನಲ್ಲಿ ಹೊಸದಾಗಿ ಬರೆದದ್ದೂ ಇದೇ ಸಂದರ್ಭದಲ್ಲಿ. ಮೇಲಿನ ವಸ್ತುಗಳಿಗೆ ಅದರ ಸುಳಿವೂ ಹತ್ತಲಿಲ್ಲ.

2001ರ ಮ್ಯಾಕ್ ಓಎಸ್ ಟೆನ್ ಜೊತೆ ಬಂದ, ಡ್ರೈವರ್‌ಗಳನ್ನು ಬರೆಯುವ ಚೌಕಟ್ಟಾದ ಐಒಕಿಟ್‌ನ ದಾರಿಯೇ ಬೇರೆ. ಇಲ್ಲಿ ಡ್ರೈವರ್ ತನ್ನ ಸಾಧನ ವರ್ಗದ ಮೂಲ ಕ್ಲಾಸಿನಿಂದ ಗುಣಗಳನ್ನು ಪಡೆದು, ಬೇಕಾದ ಕೆಲವನ್ನಷ್ಟೇ ಬದಲಿಸಿಕೊಳ್ಳುತ್ತದೆ. ಬರೆಯುವವರಿಗೆ ಶ್ರಮ ಕಡಿಮೆ, ಓಟವೂ ಚುರುಕು. ತೊಡಕಿರುವುದು ವರ್ಚುವಲ್ ಫಂಕ್ಷನ್‌ಗಳ ಪಟ್ಟಿಯಲ್ಲಿ: ಕಂಪೈಲ್ ಆದ ಡ್ರೈವರ್‌ಗೆ ತಿಳಿದಿರುವುದು ಅದರಲ್ಲಿನ ಸ್ಥಾನ ಮಾತ್ರ. ಮೂಲ ಕ್ಲಾಸಿನ ನಡುವೆ ಹೊಸ ಫಂಕ್ಷನ್ ಒಂದನ್ನು ಸೇರಿಸಿದರೆ ಹಳೆಯ ಡ್ರೈವರ್ ಪಕ್ಕದ ಮನೆಯ ಬಾಗಿಲು ತಟ್ಟುತ್ತದೆ. ಆದ್ದರಿಂದಲೇ ಐಒಕಿಟ್‌ನ ಕ್ಲಾಸುಗಳಲ್ಲಿ ಖಾಲಿ ಸ್ಥಾನಗಳನ್ನು ಮೊದಲೇ ಕಾದಿರಿಸಲಾಗಿದೆ. ಮುಂದೆ ಹುಟ್ಟುವ ಮಕ್ಕಳಿಗೆಂದು ಕೋಣೆ ಕಟ್ಟಿಸಿ ಬೀಗ ಹಾಕಿಟ್ಟಂತೆ. ಸಿ++ನ ಎಕ್ಸೆಪ್ಶನ್, ಟೆಂಪ್ಲೇಟ್, ಬಹು ಆನುವಂಶಿಕತೆ ಇವುಗಳಿಗಂತೂ ಕರ್ನಲ್‌ನೊಳಗೆ ಪ್ರವೇಶವೇ ಇರಲಿಲ್ಲ.

ಪಟ್ಟಿಯ ಈ ತೊಡಕನ್ನು ಬರಿಯ ಸಿ++ನ ದೋಷ ಎಂದು ನಾನು ಒಪ್ಪಲಾರೆ. ಆನುವಂಶಿಕತೆಯಲ್ಲಿ ಮಗುವಿಗೆ ತಾಯಿಯ ಒಳರಚನೆ ತಿಳಿದಿರಲೇಬೇಕು. ಗಡಿಯ ಆಚೆಗೆ ಯಾವುದು ತಿಳಿಯಬಾರದೋ ಅದೇ ಇಲ್ಲಿ ಒಪ್ಪಂದದ ಭಾಗ. ಮೇಲಾಗಿ ಡ್ರೈವರ್ ಮತ್ತು ಕರ್ನಲ್ ಒಂದೇ ವಿಳಾಸಾವಕಾಶದಲ್ಲಿರುವುದರಿಂದ, ದಾರಿ ತಪ್ಪಿದ ಒಂದು ಪಾಯಿಂಟರ್ ಇಡೀ ಯಂತ್ರವನ್ನು ಕೆಡವಬಲ್ಲದು. 2019ರಲ್ಲಿ ಆಪಲ್ ಡ್ರೈವರ್‌ಕಿಟ್ ತಂದು, ಕೆಲವು ಬಗೆಯ ಡ್ರೈವರ್‌ಗಳನ್ನು ಕರ್ನಲ್‌ನ ಹೊರಗೆ ಓಡಿಸುವ ಏರ್ಪಾಡು ಮಾಡಿತು. ಕ್ಲಾಸುಗಳು ಅಲ್ಲಿಯೂ ಇವೆ, ಆದರೆ ಕರ್ನಲ್‌ಗೆ ಹೋಗುವ ಕರೆ ಈಗ ಸಂದೇಶವಾಗಿ ಗಡಿ ದಾಟುತ್ತದೆ, ಪ್ರತಿ ದಾಟುವಿಕೆಗೂ ಒಂದಿಷ್ಟು ಸಮಯ ತೆತ್ತು.