ಗುರ್ದು, ಗುದ್ದು, ಪಂಚ್

ನಂಜನಗೂಡು ತಾಲ್ಲೂಕಿನ ಬಿಳಿಗೆರೆ ಕಡೆ ‘ಗುದ್ದು’ ಎಂಬ ಮಾತು ಯಾವಾಗಲೂ ಕಿವಿಗೆ ಬೀಳುತ್ತಿರುತ್ತದೆ. ತಂಟೆ ಮಾಡುವ ಮೊಮ್ಮಗನಿಗೆ ಅಜ್ಜಿ “ಸುಮ್ಗಿರ್ಲಾ, ಗುದ್ಬುಟ್ಟೇನು” ಅನ್ನುತ್ತಾಳೆ. ಗದ್ದೆ ಬದುವಿನ ಮೇಲೆ ಬುತ್ತಿ ಬಿಚ್ಚಿದವನು ಈರುಳ್ಳಿಯನ್ನು ಕಲ್ಲಿನ ಮೇಲಿಟ್ಟು ಗುದ್ದಿ, ಸಿಪ್ಪೆ ಕೊಡವಿ, ಮುದ್ದೆಯ ಜೊತೆ ನಂಚಿಕೊಳ್ಳುತ್ತಾನೆ. ಅದೇ ಬದುವಿನಲ್ಲಿ ಏಡಿ ಗುದ್ದು, ಇಲಿ ಗುದ್ದು ಇರುತ್ತವೆ. ಅವು ಬಿಲಗಳು, ಆ ಪದದ ಅರ್ಥವೇ ಬೇರೆ, ಈ ಲೇಖನಕ್ಕೆ ಅದು ಬೇಡ.

ಈರುಳ್ಳಿ ಗುದ್ದುವ ಕೈಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮುಷ್ಟಿ ಕಟ್ಟಿದ ಕೈ ಕಿವಿಯ ಮಟ್ಟಕ್ಕೆ ಏರಿ ನೆಟ್ಟಗೆ ಕೆಳಗೆ ಬರುತ್ತದೆ. ಈರುಳ್ಳಿಗೆ ತಾಗುವುದು ಬೆರಳಗೆಣ್ಣುಗಳಲ್ಲ, ಕಿರುಬೆರಳ ಪಕ್ಕದ ಮಾಂಸಲವಾದ ಅಂಚು. ಅಜ್ಜಿಯ ಗುದ್ದು ಬೆನ್ನಿಗೆ ಬೀಳುವುದೂ ಹಾಗೆಯೇ. ನಮ್ಮ ಗುದ್ದು ಮೂಲತಃ ಮೇಲಿನಿಂದ ಇಳಿಯುವ ಏಟು. ಕುಟ್ಟುವ, ಜಜ್ಜುವ ಕೈಯದೇ ಕೆಲಸ. ಈ ಪದದ ಆಯುಷ್ಯವನ್ನೆಲ್ಲ ಆ ಕೈಯ ಚಲನೆಯನ್ನು ಹಿಡಿದೇ ಓದಬೇಕು ಎಂಬುದು ನನ್ನ ವಾದ.

ಹಳಗನ್ನಡದಲ್ಲಿ ಇದು ‘ಗುರ್ದು’. ಇರ್ದು ಇದ್ದು ಆಯಿತು, ಮರ್ದು ಮದ್ದು ಆಯಿತು. ಅದೇ ದಾರಿಯಲ್ಲಿ ರಕಾರ ಉದುರಿ, ದಕಾರ ಒತ್ತಿ, ಗುರ್ದು ಗುದ್ದಾಯಿತು. ಉದುರಿದ ಆ ರಕಾರ ತೆಲುಗಿನ ಗ್ರಂಥಭಾಷೆಯಲ್ಲಿ ‘ಗ್ರುದ್ದು’ ಎಂದು ಉಳಿದುಕೊಂಡಿದೆ, ಆಡುಮಾತಿನಲ್ಲಿ ಅಲ್ಲೂ ಗುದ್ದೇ. ತಮಿಳಿನ ‘ಕುತ್ತು’ ದನಿಯಲ್ಲೂ ಅರ್ಥದಲ್ಲೂ ಇದರ ನೆಂಟ. ಆದರೆ ಅದರ ಸಂಸಾರ ದೊಡ್ಡದು: ಭತ್ತ ಕುಟ್ಟುವುದೂ ಕುತ್ತು, ಮುಷ್ಟಿಯಿಂದ ಹೊಡೆಯುವುದೂ ಕುತ್ತು, ಚುಚ್ಚುವುದೂ ಕುತ್ತು. ಇನ್ನು ಗುದ್ದಲಿ ಸಂಸ್ಕೃತದ ಕುದ್ದಾಲದ ಜೊತೆ ನಿಲ್ಲುತ್ತದೆ. ದನಿ ಹೋಲುತ್ತದೆಂದು ಅದನ್ನು ಈ ಮನೆತನಕ್ಕೆ ಎಳೆದು ತರಬಾರದು.

ಮುಷ್ಟಿ ಸಂಸ್ಕೃತದಿಂದ ಬಂದದ್ದು. ಕಂಸನ ಜಟ್ಟಿಗಳಲ್ಲಿ ಚಾಣೂರನ ಜೊತೆಯವನ ಹೆಸರೇ ಮುಷ್ಟಿಕ, ಬಲರಾಮನ ಕೈಯಲ್ಲಿ ಸತ್ತವನು. ಅಂಥ ಹಿನ್ನೆಲೆಯ ಪದ ಕನ್ನಡದ ಮನೆಗಳಿಗೆ ಬಂದು ಶಾಂತವಾಯಿತು. ಮುಷ್ಟಿ ಅಕ್ಕಿ ಎಂದರೆ ಅಳತೆ, ಮುಷ್ಟಿ ಭಿಕ್ಷೆ ಎಂದರೆ ದಾನ. ಜೈನ ದೀಕ್ಷೆಯಲ್ಲಿ ತಲೆಗೂದಲನ್ನು ಐದು ಹಿಡಿಯಲ್ಲಿ ಕಿತ್ತುಕೊಳ್ಳುವುದಕ್ಕೆ ಪಂಚಮುಷ್ಟಿ ಲೋಚ. ಪತ್ರಿಕೆಗಳ ಕಪಿಮುಷ್ಟಿ ಕೂಡ ಬಿಡದೆ ಹಿಡಿಯುವುದೇ, ಹೊಡೆಯುವುದಲ್ಲ. ಹಿಡಿಯುವ ಕೆಲಸ ಮುಷ್ಟಿಯದು, ಹೊಡೆಯುವ ಕೆಲಸ ಗುದ್ದಿನದು ಎಂದು ಕನ್ನಡ ತನ್ನೊಳಗೇ ಪಾಲು ಮಾಡಿಕೊಂಡಂತಿದೆ.

ಹಾಗಿದ್ದೂ ನಮ್ಮಲ್ಲಿ ಗುದ್ದು ವಿದ್ಯೆಯಾಗಿ ಬೆಳೆದಾಗ ಅದಕ್ಕೆ ಸಿಕ್ಕಿದ್ದು ಸಂಸ್ಕೃತದ ಹೆಸರೇ: ವಜ್ರಮುಷ್ಟಿ. ಅದನ್ನು ಆಡುವವರು ಜೆಟ್ಟಿಗಳು. ಶ್ರೇಷ್ಠಿ ಸೆಟ್ಟಿಯಾದಂತೆ ಜ್ಯೇಷ್ಠ ಜೆಟ್ಟಿಯಾಯಿತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಮಲ್ಲರ ದರ್ಜೆಗಳಿವೆ. ಮೇಲಿನ ದರ್ಜೆಯವನು ಜ್ಯೇಷ್ಠಿಕ. ಆ ದೊರೆಯ ಬಿರುದೇ ಭೂಲೋಕಮಲ್ಲ. ಅವನ ತಂದೆ ಆರನೆಯ ವಿಕ್ರಮಾದಿತ್ಯ ತ್ರಿಭುವನಮಲ್ಲ, ಅಜ್ಜ ಆಹವಮಲ್ಲ. ಕನ್ನಡ ನಾಡಿನ ಸಿಂಹಾಸನವೇ ಮೂರು ತಲೆಮಾರು ತನ್ನನ್ನು ಮಲ್ಲ ಎಂದು ಕರೆದುಕೊಂಡಿತ್ತು. “ಜಟ್ಟಿ ಜಾರಿ ಬಿದ್ದರೆ ಅದೂ ಒಂದು ಪಟ್ಟು” ಎನ್ನುವಾಗ ನಾವು ನಾಲಿಗೆಯ ಮೇಲೆ ಹೊತ್ತಿರುವುದು ಅದೇ ಜ್ಯೇಷ್ಠಿಕನನ್ನು.

1520ರ ಸುಮಾರಿಗೆ ವಿಜಯನಗರದ ಮಹಾನವಮಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್‌ಗೆ ಇಲ್ಲಿನ ಮಲ್ಲಯುದ್ಧ ತನ್ನ ನಾಡಿನದರಂತೆ ಕಾಣಲಿಲ್ಲ. ಹಲ್ಲು ಮುರಿಯುವ, ಕಣ್ಣು ಕೀಳುವ, ಮುಖ ವಿಕಾರವಾಗುವಷ್ಟು ಏಟುಗಳನ್ನು ಅವನು ಬರೆದಿಟ್ಟಿದ್ದಾನೆ. ಮುಂದೆ ಕೆಲವೇ ವರ್ಷಗಳಲ್ಲಿ ಬರೆದ ಇನ್ನೊಬ್ಬ ಪೋರ್ಚುಗೀಸ ನೂನಿಜ್, ಜಟ್ಟಿಗಳ ಕೈಯಲ್ಲಿ ಮೊನೆಗಳಿದ್ದ ಬಳೆಯಂಥ ಆಯುಧವಿತ್ತೆಂದು ಹೇಳುತ್ತಾನೆ. ಮೈಸೂರಿನಲ್ಲಿ ಅದರ ರೂಪ ಇನ್ನೂ ಸ್ಪಷ್ಟವಾಗಿ ಸಿಗುತ್ತದೆ. ಇಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಬರೆದ ಚರಿತ್ರೆಯ ಮೊದಲ ಸಂಪುಟ 1810ರಲ್ಲಿ ಅಚ್ಚಾಯಿತು. ಅದರಲ್ಲಿ ಅವನು ವರ್ಣಿಸುವ ಆಯುಧ ಎಮ್ಮೆಯ ಕೊಂಬಿನದು. ಬೆರಳಗೆಣ್ಣುಗಳ ಜಾಗಕ್ಕೆ ಸರಿಯಾಗಿ ನಾಲ್ಕು ಮೊನೆ. ಕಿರುಬೆರಳ ಕಡೆಗೆ, ಉಳಿದವಕ್ಕೆ ಅಡ್ಡವಾಗಿ, ಹೆಚ್ಚು ಉಬ್ಬಿದ ಐದನೆಯ ಮೊನೆ. ಬೆರಳುಗಳ ನಡುಭಾಗದಲ್ಲಿ ಅದನ್ನು ಕಟ್ಟುತ್ತಿದ್ದದ್ದರಿಂದ ಪೂರ್ತಿ ಬಲ ಹಾಕಿ ಹೊಡೆದರೆ ಹೊಡೆದವನ ಬೆರಳ ಕೀಲುಗಳೇ ತಪ್ಪುವ ಭಯವಿತ್ತು. ಕೊಲ್ಲದಂತೆ ಕಾಯುವ ಲೆಕ್ಕಾಚಾರ ಆಯುಧದ ಕಟ್ಟಿನಲ್ಲೇ ಇತ್ತು.

ಆ ಐದನೆಯ ಮೊನೆ ನನಗೆ ಬಹಳ ಮುಖ್ಯ. ಅದು ಕೂತಿರುವುದು ಈರುಳ್ಳಿ ಒಡೆಯುವ ಅಂಚಿನಲ್ಲೇ. ವಿಜಯದಶಮಿಯ ದಿನ ಅರಮನೆಯಲ್ಲಿ ಇಂದಿಗೂ ನಡೆಯುವ ವಜ್ರಮುಷ್ಟಿ ಕಾಳಗದಲ್ಲಿ ಜೆಟ್ಟಿಗಳು ತಲೆ ಬೋಳಿಸಿ ಜುಟ್ಟಷ್ಟೇ ಉಳಿಸಿಕೊಂಡಿರುತ್ತಾರೆ, ಗುರಿ ಆ ಬೋಳುತಲೆಯೇ. ಮೈಸೂರು, ಚಾಮರಾಜನಗರ, ಚನ್ನಪಟ್ಟಣ, ಬೆಂಗಳೂರು ಕಡೆಯ ಜೆಟ್ಟಿಗಳನ್ನು ಮೊದಲೇ ಜೋಡಿ ಕಟ್ಟಿರುತ್ತಾರೆ. ರಕ್ತ ಕಂಡ ಕೂಡಲೇ ಕಾಳಗ ನಿಲ್ಲುತ್ತದೆ. ವಿದ್ಯೆಗೆ ಹೆಸರು ಸಂಸ್ಕೃತದ್ದಾದರೂ ಕೈ ಗುದ್ದಿನದೇ, ಮೇಲಿನಿಂದ ಇಳಿಯುವುದೇ.

ಬಿಳಿಗೆರೆ ಸುತ್ತಿನವರು ಕಪಿಲಾ ದಡದ ಸುತ್ತೂರು ಜಾತ್ರೆಯಲ್ಲಿ ನೋಡುವುದು ಕುಸ್ತಿ. ಅಲ್ಲಿ ಗುದ್ದುವಂತಿಲ್ಲ. ಕುಸ್ತಿ, ಪೈಲ್ವಾನ್, ವಸ್ತಾದ್ ಮೂರೂ ಪಾರಸಿಯಿಂದ ಬಂದು ಗರಡಿಯ ಮಟ್ಟಿಯಲ್ಲಿ ಬೆರೆತು ನಮ್ಮವೇ ಆಗಿರುವ ಪದಗಳು.

ಬಾಕ್ಸಿಂಗ್ ಬಂದಾಗ ಮುಷ್ಟಿಯ ಮುಖ ತಿರುಗಿತು. ಅಲ್ಲಿ ನಾಲ್ಕು ಬೆರಳು ಬಿಗಿಯಾಗಿ ಮಡಿಸಿ, ಹೆಬ್ಬೆರಳನ್ನು ಹೊರಗಿನಿಂದ ಅಡ್ಡ ಹಾಕಿ, ಮಣಿಕಟ್ಟು ನೇರ ಇಟ್ಟು, ಗೆಣ್ಣುಗಳಿಂದ ಹೊಡೆಯಬೇಕು. ಅಂಗೈ ಬುಡದಿಂದಲೋ ಕೈಯ ಪಕ್ಕದಿಂದಲೋ ಹೊಡೆದರೆ ತಪ್ಪು. ಅಂದರೆ ಅಜ್ಜಿಯ ಗುದ್ದು ರಿಂಗಿನಲ್ಲಿ ಸಲ್ಲದು. ಮುಂದಿನ ಕೈ ನೇರ ಚಾಚಿ ಥಟ್ಟನೆ ಹಿಂದಕ್ಕೆ ಬಂದರೆ ಜಾಬ್. ಹಿಂದಿನ ಕಾಲಿನ ಹಿಮ್ಮಡಿ ಹೊರಳಿ, ಸೊಂಟ ತಿರುಗಿ, ಹೆಗಲನ್ನು ದಾಟಿ ಬಂದ ಬಲ ಹಿಂದಿನ ಕೈಯಲ್ಲಿ ನೇರ ಹೊರಟರೆ ಕ್ರಾಸ್. ಮೊಣಕೈ ಮಡಿಸಿ ಪಕ್ಕದಿಂದ ದವಡೆಗೆ ಬೀಸಿದರೆ ಹುಕ್, ಕೆಳಗಿನಿಂದ ಗಲ್ಲಕ್ಕೆ ಏರಿದರೆ ಅಪ್ಪರ್‌ಕಟ್. ನಾಲ್ಕರಲ್ಲಿ ಒಂದೂ ಮೇಲಿನಿಂದ ಇಳಿಯುವುದಿಲ್ಲ. ಇಂಗ್ಲೆಂಡಿನಲ್ಲೂ ಮೊದಲು ಬರಿಗೈ ಕಾಳಗದಲ್ಲಿ ಎದುರಾಳಿಯನ್ನು ಹಿಡಿದು ಕೆಡವಬಹುದಿತ್ತು. 1867ರ ಕ್ವೀನ್ಸ್‌ಬೆರಿ ನಿಯಮಗಳು ಕೈಗವಸು ತೊಡಿಸಿ, ಹಿಡಿತವನ್ನು ಹೊರಗಿಟ್ಟು, ಆಟವನ್ನು ಬರೀ ಏಟಿಗೆ ಇಳಿಸಿದವು.

‘ಪಂಚ್’ ಎಂದರೆ ಐದು ಬೆರಳಿನ ಪಂಚವೇ ಇರಬೇಕು ಎನ್ನಿಸುವುದು ಸಹಜ. ಆದರೆ ಅದು ಫ್ರೆಂಚಿನ ಹಾದಿಯಲ್ಲಿ ಬಂದ, ತೂತು ಹೊಡೆಯುವ ಉಪಕರಣದ ಬಳಗದ ಪದ. ಕಚೇರಿಯಲ್ಲಿ ಕಾಗದಕ್ಕೆ ತೂತು ಹಾಕುವ ಪಂಚಿಂಗ್ ಮೆಷಿನ್ನಿನದೇ ಪಂಚು. ಚುಚ್ಚುವುದು, ಗುದ್ದುವುದು ಎರಡನ್ನೂ ಒಂದೇ ಪದದಲ್ಲಿ ಇಟ್ಟುಕೊಂಡಿರುವ ತಮಿಳು, ಬಾಕ್ಸಿಂಗನ್ನು ಸಲೀಸಾಗಿ ‘ಕುತ್ತುಚ್ಚಂಡೈ’ ಎಂದು ಕರೆಯಿತು. ನಾವು ‘ಮುಷ್ಟಿಯುದ್ಧ’ ಎಂದೆವು, ಅದು ಕ್ರೀಡಾಪುಟದಲ್ಲೇ ಉಳಿಯಿತು. 2008ರಲ್ಲಿ ವಿಜೇಂದರ್ ಸಿಂಗ್, 2012ರಲ್ಲಿ ಮೇರಿ ಕೋಮ್ ಒಲಿಂಪಿಕ್ಸ್ ಕಂಚು ತಂದ ಮೇಲೆ ಹಳ್ಳಿಯ ಟಿವಿಗಳ ಮುಂದೆಯೂ ಬಾಕ್ಸಿಂಗ್ ಪರಿಚಿತವಾಯಿತು, ಪಂಚ್ ಜೊತೆಗೇ ಬಂತು. ಸಿನಿಮಾದ ಪಂಚ್ ಡೈಲಾಗಂತೂ ಕೈಯನ್ನೇ ಬಿಟ್ಟು ಬಾಯಿಗೆ ಹೋಯಿತು.

ಗುದ್ದು ಅಷ್ಟರಲ್ಲಿ ಸುಮ್ಮನೆ ಕೂತಿರಲಿಲ್ಲ. ಟಗರಿನ ಹಣೆಯಿಂದ ಅದು ನೇರ ನುಗ್ಗುವುದನ್ನು ಕಲಿತಿತ್ತು; ಈಗ ಲಾರಿ ಬೈಕಿಗೆ ಗುದ್ದುತ್ತದೆ, ಬಸ್ಸು ಮರಕ್ಕೆ ಗುದ್ದುತ್ತದೆ, ಪಕ್ಷಗಳಲ್ಲಿ ಒಳಗೊಳಗೇ ಗುದ್ದಾಟ. ‘ಗಾಳಿ ಗುದ್ದಿ ಮೈ ನೋಯಿಸಿಕೊಂಡ’ ಎಂಬ ಮಾತು ವ್ಯರ್ಥ ಶ್ರಮಕ್ಕೆ ಹುಟ್ಟಿದ್ದು, ಆದರೆ ಬಾಕ್ಸಿಂಗ್ ಕಲಿಯುವ ಹುಡುಗಿಯರೂ ಹುಡುಗರೂ ಶ್ಯಾಡೋ ಬಾಕ್ಸಿಂಗ್ ಎಂದು ದಿನವೂ ಮಾಡುವುದು ಅಕ್ಷರಶಃ ಅದನ್ನೇ. ಇಷ್ಟು ಹಿಗ್ಗಿರುವ ಪದಕ್ಕೆ ರಿಂಗಿನ ಏಟುಗಳು ಭಾರವಾಗಲಾರವು. ಮುಂಗೈ ಗುದ್ದು, ಹಿಂಗೈ ಗುದ್ದು, ಅಡ್ಡಗುದ್ದು, ಎತ್ತುಗುದ್ದು ಎಂದು ಒಬ್ಬ ತರಬೇತುದಾರ ಒಂದು ವಾರ ಕೂಗಿ ಹೇಳಿದರೆ, ನಂಜನಗೂಡಿನ ಹುಡುಗರು ಯಾವ ಕೈ ಎತ್ತಬೇಕೆಂದು ಕೇಳಲಾರರು.