ಕೂಗು ಕೇಳಿಸಿಕೊಳ್ಳುವ ಕುರ್ಚಿ

ಆಪತ್ತಿನಲ್ಲಿ ಕೂಗಿದರೆ ಯಾರ ಕೂಗಿಗೆ ಗಾಡಿ ಹೊರಡುತ್ತದೆ, ಯಾರ ಕೂಗು ಗಾಳಿಗೆ ಹೋಗುತ್ತದೆ? ತಂತಿ ಎಳೆದು ನಂಬರು ಕೊಟ್ಟರೆ ಸಾಕು, ಎಲ್ಲರಿಗೂ ಒಂದೇ ನ್ಯಾಯ ಅಂತ ನಮಗೆ ಹೇಳಿಕೊಟ್ಟಿದ್ದಾರೆ. ಅಮೆರಿಕದ ಪೊಲೀಸ್ ಠಾಣೆಗಳಲ್ಲಿ ಕರೆ ಕೇಳಿ ಗಾಡಿ ಕಳಿಸುವ ಕುರ್ಚಿಯ ಚರಿತ್ರೆಯನ್ನು ತೆಗೆದು ನೋಡಿದರೆ ಬೇರೆಯೇ ಮಾತು ಕಾಣುತ್ತದೆ. ಆ ಕುರ್ಚಿಯಲ್ಲಿ ಕೂತವರನ್ನು ಅಲ್ಲಿ ಡಿಸ್ಪ್ಯಾಚರ್ ಅನ್ನುತ್ತಾರೆ.

ಕುರ್ಚಿಗಿಂತ ಮೊದಲು ಪೆಟ್ಟಿಗೆ ಬಂತು. 1880ರಲ್ಲಿ ಷಿಕಾಗೋ ಪೊಲೀಸರು ಬೀದಿಗಳಲ್ಲಿ ಕರೆಪೆಟ್ಟಿಗೆಗಳನ್ನು ನಿಲ್ಲಿಸಿದರು. ಒಳಗೆ ಗಡಿಯಾರದಂಥ ಒಂದು ಮುಖ, ಅದಕ್ಕೊಂದು ಮುಳ್ಳು. ಕಳ್ಳರು, ದೊಂಬಿ, ಕುಡುಕರು, ಹೊಡೆದಾಟ, ಬೆಂಕಿ ಅಂತ ಸುತ್ತ ಬರೆದಿರುತ್ತಿತ್ತು. ಮುಳ್ಳು ತಿರುಗಿಸಿ ಹಿಡಿ ಎಳೆದರೆ ಸುದ್ದಿ ಠಾಣೆಗೆ ಮುಟ್ಟುತ್ತಿತ್ತು, ಕುದುರೆಗಾಡಿ ಹೊರಡುತ್ತಿತ್ತು. ಆದರೆ ಪೆಟ್ಟಿಗೆಗೆ ಬೀಗ. ಬೀಗದ ಕೈ ಯಾರ ಹತ್ತಿರ? ಪೊಲೀಸರ ಹತ್ತಿರ, ಮತ್ತೆ ಬೀದಿಯ ಗೌರವಸ್ಥರ ಹತ್ತಿರ. ಅದೇ ಊರಿನಲ್ಲಿ ರೈಲ್ವೆ ಕಾರ್ಮಿಕರ ಮುಷ್ಕರವನ್ನು 1877ರಲ್ಲಿ ಗುಂಡು ಹಾರಿಸಿ ಹತ್ತಿಕ್ಕಿ ಆಗ ಮೂರೇ ವರ್ಷವಾಗಿತ್ತು. ಬೀಗದ ಕೈ ಕೂಲಿಕಾರನ ಸೊಂಟಕ್ಕೆ ಯಾಕೆ ಬರಲಿಲ್ಲ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ರೇಡಿಯೋ ಬಂತು. 1928ರ ಏಪ್ರಿಲ್‌ನಲ್ಲಿ ಡೆಟ್ರಾಯಿಟ್ ಪೊಲೀಸರು ತಮ್ಮ ಕಾರುಗಳಿಗೆ ರೇಡಿಯೋ ಜೋಡಿಸಿದರು. ಠಾಣೆ ಹೇಳುತ್ತಿತ್ತು, ಕಾರು ಕೇಳುತ್ತಿತ್ತು, ಅಷ್ಟೆ. ಕಾರಿನವರೂ ತಿರುಗಿ ಮಾತಾಡುವಂತಾದದ್ದು 1933ರಲ್ಲಿ, ನ್ಯೂಜೆರ್ಸಿಯ ಬೇಯೊನ್ ಪಟ್ಟಣದಲ್ಲಿ. ಜನರ ಕೂಗಿಗೂ ಪೊಲೀಸರ ಗಾಡಿಗೂ ನಡುವೆ ಈಗ ಒಬ್ಬ ಮನುಷ್ಯ ಕೂತ. ಅವನ ಕಿವಿಗೆ ಬಿದ್ದದ್ದಷ್ಟೇ ನಿಜ, ಅವನ ಬಾಯಿಂದ ಹೊರಟದ್ದಷ್ಟೇ ಅಪ್ಪಣೆ.

ಇಡೀ ದೇಶಕ್ಕೆ ಒಂದೇ ನಂಬರು ಬೇಕು ಅನ್ನೋ ಮಾತು ಜೋರಾದದ್ದು 1967ರಲ್ಲಿ. ಅಪರಾಧ ಮತ್ತು ನ್ಯಾಯಾಡಳಿತ ಕುರಿತ ಅಧ್ಯಕ್ಷರ ಆಯೋಗ ಆ ವರ್ಷ ಅದನ್ನು ಶಿಫಾರಸು ಮಾಡಿತು. ಅದೇ ವರ್ಷ ಜುಲೈನಲ್ಲಿ ಡೆಟ್ರಾಯಿಟ್‌ನ ಕರಿಯರ ಕೇರಿಯ ಮೇಲೆ ಪೊಲೀಸರು ಮಾಡಿದ ಒಂದು ದಾಳಿ ಊರಿಗೇ ಬೆಂಕಿಯಾಗಿ 43 ಜನ ಸತ್ತರು. 1968ರ ಜನವರಿಯಲ್ಲಿ ಎ.ಟಿ. ಅಂಡ್ ಟಿ. ಕಂಪನಿ 911 ಅನ್ನೋ ನಂಬರನ್ನು ಪ್ರಕಟಿಸಿತು. ದೊಡ್ಡ ಕಂಪನಿಗಿಂತ ಮುಂದಾಗಿ ಅಲಬಾಮದ ಒಂದು ಸಣ್ಣ ಕಂಪನಿ ಫೆಬ್ರವರಿ 16ರಂದು ಹೇಲಿವಿಲ್ ಎಂಬ ಪುಟ್ಟ ಊರಿನಲ್ಲಿ ಮೊದಲ ಕರೆ ಮಾಡಿಸಿತು. ಮಾಡಿದವರು ರಾಜ್ಯ ಶಾಸನಸಭೆಯ ಸ್ಪೀಕರ್ ರ್‍ಯಾಂಕಿನ್ ಫೈಟ್. ಪೊಲೀಸ್ ಠಾಣೆಯಲ್ಲಿ ಕೆಂಪು ಫೋನು ಎತ್ತಿದವರು ಸಂಸದ ಟಾಮ್ ಬೆವಿಲ್.

ಠಾಣೆಯಲ್ಲಿ ಬೆವಿಲ್ ಜೊತೆ ಇನ್ನೊಬ್ಬರಿದ್ದರು. ಅವರನ್ನು ಮರೆಯಬೇಡಿ. ಹೆಸರು ಬುಲ್ ಕಾನರ್. ಬರ್ಮಿಂಗ್‌ಹ್ಯಾಮ್ ನಗರದ ಸಾರ್ವಜನಿಕ ಸುರಕ್ಷತೆಯ ಆಯುಕ್ತನಾಗಿದ್ದಾಗ, 1963ರ ಮೇ ತಿಂಗಳಲ್ಲಿ, ಸಮಾನತೆ ಕೇಳಿ ಬೀದಿಗಿಳಿದ ಕರಿಯರ ಮಕ್ಕಳ ಮೇಲೆ ನಾಯಿ ಛೂ ಬಿಡಿಸಿದವನು, ಬೆಂಕಿ ಆರಿಸುವ ಪೈಪಿನಿಂದ ನೀರು ಬಿಡಿಸಿದವನು ಇದೇ ಮನುಷ್ಯ. 1968ರಲ್ಲಿ ಟೆಲಿಫೋನ್ ಕಂಪನಿಗಳ ಮೇಲ್ವಿಚಾರಣೆ ನೋಡುವ ರಾಜ್ಯ ಆಯೋಗಕ್ಕೆ ಅವನೇ ಅಧ್ಯಕ್ಷ. ಎಲ್ಲರ ಆಪತ್ತಿಗೂ ಅಂತ ಹುಟ್ಟಿದ ನಂಬರಿನ ನಾಮಕರಣಕ್ಕೆ ನಾಯಿ ಬಿಟ್ಟವನೇ ಅತಿಥಿ! ಚರಿತ್ರೆ ಹೀಗೂ ನಗುತ್ತದೆ.

ಅದೇ ಹೊತ್ತಿಗೆ ಪಿಟ್ಸ್‌ಬರ್ಗ್‌ನಲ್ಲಿ ಇನ್ನೊಂದು ಕತೆ ನಡೆಯುತ್ತಿತ್ತು. ಅಲ್ಲಿ ರೋಗಿಗಳನ್ನು ಆಸ್ಪತ್ರೆಗೆ ಸಾಗಿಸುತ್ತಿದ್ದದ್ದು ಪೊಲೀಸರ ಗಾಡಿ. ಕೈದಿಗಳನ್ನು ತುಂಬುವ ಗಾಡಿಯಲ್ಲೇ ಹೃದಯ ನಿಂತವರೂ ಹೋಗಬೇಕು. ಕರಿಯರಿದ್ದ ಹಿಲ್ ಡಿಸ್ಟ್ರಿಕ್ಟ್‌ನಿಂದ ಕರೆ ಹೋದರೆ ಗಾಡಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. 1967ರಲ್ಲಿ ಅಲ್ಲಿಯದೇ ನಿರುದ್ಯೋಗಿ ಹುಡುಗರನ್ನು ಸೇರಿಸಿ ಫ್ರೀಡಂ ಹೌಸ್ ಆಂಬುಲೆನ್ಸ್ ಕಟ್ಟಿದರು. ಡಾ. ಪೀಟರ್ ಸಫಾರ್ ಪಾಠ ಹೇಳಿದರು. ಕೆಲಸಕ್ಕೆ ಬಾರದವರು ಅಂತ ಊರು ಕೈಬಿಟ್ಟಿದ್ದ ಈ ಹುಡುಗರು ನಿಂತ ಉಸಿರನ್ನು ಬೀದಿಯಲ್ಲೇ ಮತ್ತೆ ಆಡಿಸುವಷ್ಟು ಕಲಿತರು. ಆದರೂ ಬೇರೆ ಬಡಾವಣೆಗಳ ಕರೆ ಇವರಿಗೆ ಬರುತ್ತಿರಲಿಲ್ಲ. ಪೊಲೀಸ್ ರೇಡಿಯೋಗೆ ಕಿವಿಗೊಟ್ಟು ಕೂತು, ಸುದ್ದಿ ಬಿದ್ದ ಕೂಡಲೇ ಓಡಿ, ಪೊಲೀಸರಿಗಿಂತ ಮೊದಲು ಮುಟ್ಟುತ್ತಿದ್ದರು. 1975ರಲ್ಲಿ ನಗರಾಡಳಿತ ತನ್ನದೇ ಆಂಬುಲೆನ್ಸ್ ಸೇವೆ ತೆರೆದು ಇವರದನ್ನು ಮುಚ್ಚಿಸಿತು. ವಿದ್ಯೆಯನ್ನು ಇಟ್ಟುಕೊಂಡರು, ವಿದ್ಯೆ ತಂದವರಲ್ಲಿ ಹೆಚ್ಚಿನವರನ್ನು ಕ್ರಮೇಣ ಹೊರಕ್ಕೆ ದಬ್ಬಿದರು.

ಇನ್ನು ಕುರ್ಚಿಯಲ್ಲಿ ಒಂದು ಮಾತು ಕಳೆದುಹೋದರೆ ಏನಾಗುತ್ತದೆ ನೋಡಿ. 2014ರ ನವೆಂಬರ್ 22. ಕ್ಲೀವ್‌ಲ್ಯಾಂಡ್ ನಗರದ ಪಾರ್ಕಿನಲ್ಲಿ ಒಬ್ಬ ಪಿಸ್ತೂಲು ಹಿಡಿದು ಕೂತಿದ್ದಾನೆ ಅಂತ ಯಾರೋ 911ಕ್ಕೆ ಹೇಳಿದರು. ಬಹುಶಃ ಆಟಿಕೆ ಇರಬೇಕು, ಬಹುಶಃ ಹುಡುಗ ಇರಬೇಕು ಅಂತಲೂ ಹೇಳಿದರು. ಕರೆ ಎತ್ತಿದವರು ಈ ಎರಡು ‘ಬಹುಶಃ’ಗಳನ್ನು ಮುಂದೆ ದಾಟಿಸಲಿಲ್ಲ. ಪಿಸ್ತೂಲು ಇದೆ, ಕರಿಯ ಇದ್ದಾನೆ ಅನ್ನೋದು ಮಾತ್ರ ದಾಟಿತು. ಕಾರು ಬಂದು ನಿಂತ ಎರಡು ಸೆಕೆಂಡಿನೊಳಗೆ ಗುಂಡು ಹಾರಿತು. ಟಮೀರ್ ರೈಸ್‌ಗೆ 12 ವರ್ಷ, ಕೈಯಲ್ಲಿದ್ದದ್ದು ಆಟಿಕೆ. ಮಾರನೇ ದಿನ ಮಗು ಸತ್ತಿತು. ಕರೆ ಎತ್ತಿದವರಿಗೆ 2017ರಲ್ಲಿ ಎಂಟು ದಿನ ಅಮಾನತು. ಗುಂಡು ಹೊಡೆದವನ ಮೇಲೆ ಕೊಲೆಯ ಮೊಕದ್ದಮೆಯೇ ನಡೆಯಲಿಲ್ಲ.

ಹಾಗಂತ ಕುರ್ಚಿಯಲ್ಲಿ ಕೂತವರೇ ವೈರಿಗಳಲ್ಲ. ಅವರೂ ದುಡಿದು ತಿನ್ನುವವರು, ಅವರಲ್ಲಿ ಹೆಚ್ಚಿನವರು ಹೆಂಗಸರು. ತಾಯಿ ಮಗುವಿನ ಉಸಿರು ನಿಂತಿತು ಅಂತ ಚೀರುವುದನ್ನು ಕೇಳಿಸಿಕೊಂಡು, ಅದು ಮುಗಿಯುತ್ತಿದ್ದಂತೆ ಮುಂದಿನ ಕರೆ ಎತ್ತಬೇಕು. ಅಷ್ಟಾದರೂ ಅಮೆರಿಕ ಸರ್ಕಾರ ಉದ್ಯೋಗಗಳ ಪಟ್ಟಿಯನ್ನು 2018ರಲ್ಲಿ ಪರಿಷ್ಕರಿಸಿದಾಗ ಇವರನ್ನು ಗುಮಾಸ್ತರ ಸಾಲಿನಲ್ಲೇ ಉಳಿಸಿತು. ಪೊಲೀಸರು, ಬೆಂಕಿ ಆರಿಸುವವರು ಇರುವ ರಕ್ಷಣಾ ಸೇವೆಯ ಸಾಲಿಗೆ ತರಲಿಲ್ಲ. ತಪ್ಪಾದರೆ ಹೊಣೆ ಇವರದು, ಮರ್ಯಾದೆ ಬೇರೆಯವರದು. ಡೆನ್ವರ್ ನಗರದಲ್ಲಿ 2020ರ ಜೂನ್‌ನಿಂದ, ಮನಸ್ಸು ಕೆಟ್ಟು ಬೀದಿಯಲ್ಲಿ ಕೂತವರ ವಿಷಯಕ್ಕೆ ಬಂದ ಕೆಲವು ಕರೆಗಳಿಗೆ ಇದೇ ಕುರ್ಚಿಯಿಂದ ಪೊಲೀಸರ ಬದಲು ಆರೋಗ್ಯ ಕಾರ್ಯಕರ್ತರನ್ನು ಕಳಿಸತೊಡಗಿದರು. ಕುರ್ಚಿ ಅದೇ, ಹೊರಡುವ ಗಾಡಿ ಬದಲಾಯಿತು. ಬದಲಾಯಿಸಲು ಸಾಧ್ಯ ಅನ್ನೋದಕ್ಕೆ ಇದೇ ಸಾಕ್ಷಿ.

ಈ ಕತೆ ನಮಗೆ ದೂರದ್ದಲ್ಲ. 1972ರಲ್ಲಿ ಮುಂಬಯಿಯ ದಲಿತ ಪ್ಯಾಂಥರ್ಸ್ ತಮ್ಮ ಹೆಸರನ್ನು ಪಡೆದದ್ದು ಅಮೆರಿಕದ ಕರಿಯರ ಬ್ಲ್ಯಾಕ್ ಪ್ಯಾಂಥರ್ ಪಕ್ಷದಿಂದ. 2021ರ ಡಿಸೆಂಬರ್‌ನಲ್ಲಿ ನಮ್ಮ ದೇಶದಲ್ಲೂ ದೌರ್ಜನ್ಯ ತಡೆಗೆ ಅಂತ 14566 ಸಹಾಯವಾಣಿ ಬಂದಿದೆ. ನಂಬರು ಸಿಕ್ಕಿತು, ಸರಿ. ಆದರೆ ಕೇರಿಯವನು ಹೇಳಿದ ಮಾತು ಕಾಗದಕ್ಕೆ ಇಳಿಯುವಾಗ ಎಷ್ಟು ಉಳಿಯುತ್ತದೆ? ದೌರ್ಜನ್ಯ ತಡೆ ಕಾಯ್ದೆಯ 4ನೇ ಕಲಮಿಗೆ 2015ರಲ್ಲಿ ಆದ ತಿದ್ದುಪಡಿ ಈ ಪ್ರಶ್ನೆಗೆ ಒಂದು ಉತ್ತರ ಕೊಟ್ಟಿದೆ: ಬಾಯಲ್ಲಿ ಹೇಳಿದ ದೂರನ್ನು ಠಾಣಾಧಿಕಾರಿ ಬರೆದುಕೊಂಡರೆ, ಸಹಿ ಹಾಕಿಸುವ ಮೊದಲು ಅದನ್ನು ದೂರು ಕೊಟ್ಟವರಿಗೆ ಓದಿ ಹೇಳಲೇಬೇಕು. ಬೇಕೆಂದೇ ಇದನ್ನು ಕಡೆಗಣಿಸಿದರೆ ಅದೇ ಅಪರಾಧ.

ಮೇಷ್ಟ್ರುಗಳೇ, ಗೆಳೆಯರೇ, ಇದನ್ನು ಕೇರಿಕೇರಿಯಲ್ಲಿ ಹೇಳಿ. ಓದು ಬಾರದವರ ಜೊತೆ ಠಾಣೆಗೆ ಹೋಗಿ, “ಬರೆದದ್ದನ್ನು ಓದಿ ಹೇಳಿ ಸ್ವಾಮಿ” ಅಂತ ಕೇಳಿ. ಒಂದು ಮಾತು ಬಿಟ್ಟುಹೋಗಿದ್ದರೆ ಸೇರಿಸೋತನಕ ಸಹಿ ಹಾಕಬೇಡಿ.